ನುಗ್ಗೇಹಳ್ಳಿ ಕಡೆ ಹೊಲದಲ್ಲಿ ಸಿಗುವ ಕಪ್ಪು ಕಲ್ಲು: ಕ್ರೋಮೈಟೋ, ಕಬ್ಬಿಣವೋ?

ತೆಂಗಿನತೋಟ:
ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಹತ್ತಿರ ತೆಂಗಿನ ಸಸಿಗೆ ಗುಂಡಿ ತೆಗೆಸುವಾಗ ಎರಡು-ಮೂರು ಅಡಿ ಆಳದಲ್ಲಿ ಕಪ್ಪು ಕಲ್ಲು ಬರ್ತಿದೆ. ಗಾತ್ರಕ್ಕಿಂತ ಭಾರ ಜಾಸ್ತಿ. ಕೆಲವಕ್ಕೆ ಅಯಸ್ಕಾಂತ ಅಂಟುತ್ತೆ, ಕೆಲವಕ್ಕೆ ಇಲ್ಲ. ಬೈರಾಪುರ ಗಣಿ ಪಕ್ಕದಲ್ಲೇ ಇರೋದ್ರಿಂದ ಎಲ್ಲರೂ ಕ್ರೋಮೈಟ್ (ಕ್ರೋಮಿಯಂ ಲೋಹದ ಅದಿರು) ಅಂತಾರೆ. ಲ್ಯಾಬಿಗೆ ಕಳಿಸೋ ಮೊದಲು ಮನೆಯಲ್ಲೇ ತಿಳಿಯೋದು ಹೇಗೆ? ನಮ್ಮಲ್ಲಿ ಕ್ರೋಮೈಟ್, ಬಾಬಾಬುಡನ್‌ಗಿರಿ ಕಡೆ ಕಬ್ಬಿಣ, ಹೀಗೇಕೆ?

ಒರೆಗಲ್ಲು:
ಅಯಸ್ಕಾಂತವನ್ನು ಕೊನೆಗಿಡಿ, ಅದೇ ಹೆಚ್ಚು ದಾರಿ ತಪ್ಪಿಸೋದು. ಮೊದಲು ಕಲ್ಲು ಒಡೆದು ಹೊಸ ಮೈ ತೆಗೆಯಿರಿ. ಮೇಲಿನ ತುಕ್ಕು ಬಣ್ಣದ ಪದರದಲ್ಲಿ ಉಜ್ಜಿದರೆ ಯಾವ ಕಲ್ಲಾದರೂ ಹಳದಿ-ಕಂದು ಗೆರೆಯೇ ಬರುತ್ತೆ.

ಒಡೆದ ಮೈಯನ್ನು ಟೈಲ್ಸಿನ ಹಿಂಬದಿಗೆ, ಅಂದ್ರೆ ಹೊಳಪಿಲ್ಲದ ಬಿಳಿ ಭಾಗಕ್ಕೆ, ಒತ್ತಿ ಎಳೆಯಿರಿ. ಗೆರೆ ಗಾಢ ಕಂದಾದರೆ ಕ್ರೋಮೈಟ್ ಇರಬಹುದು, ಕಪ್ಪಾದರೆ ಮ್ಯಾಗ್ನೆಟೈಟ್, ಇಟ್ಟಿಗೆ ಕೆಂಪಾದರೆ ಹೆಮಟೈಟ್. ಈ ಕೊನೆಯ ಎರಡೂ ಕಬ್ಬಿಣದ ಅದಿರು.

ಆಮೇಲೆ ಸಾಂದ್ರತೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಣ ಕಲ್ಲನ್ನು ತೂಗಿ ಬರೆದುಕೊಳ್ಳಿ. ನೀರಿನ ಪಾತ್ರೆಯನ್ನು ತಕ್ಕಡಿ ಮೇಲಿಟ್ಟು ಸೊನ್ನೆಗೆ ತನ್ನಿ. ಕಲ್ಲಿಗೆ ದಾರ ಕಟ್ಟಿ ಪೂರ್ತಿ ಮುಳುಗಿಸಿ ಹಿಡಿಯಿರಿ, ತಳಕ್ಕೂ ಅಂಚಿಗೂ ತಾಗಬಾರದು. ಆಗ ತೋರುವ ಗ್ರಾಂ ಕಲ್ಲಿನ ಘನ ಸೆಂಟಿಮೀಟರ್ ಗಾತ್ರ. ಒಣ ತೂಕವನ್ನು ಅದರಿಂದ ಭಾಗಿಸಿ. ಶುದ್ಧ ಕ್ರೋಮೈಟ್ 4.5ರಿಂದ 4.8, ಮ್ಯಾಗ್ನೆಟೈಟ್ 5.2, ಡಾಲರೈಟ್ ಎಂಬ ಸಾಮಾನ್ಯ ಕಪ್ಪು ಕಲ್ಲು ಸುಮಾರು 3. ಕಲ್ಲು ತಳಕ್ಕೆ ತಾಗಿದರೆ ಲೆಕ್ಕ ಕಡಿಮೆ ಬರುತ್ತೆ, ಗುಳ್ಳೆ ಅಂಟಿದ್ದರೂ ಅಷ್ಟೆ. 100 ಗ್ರಾಂಗಿಂತ ಸಣ್ಣ ಚೂರು ಬೇಡ.

ಕ್ರೋಮೈಟ್‌ಗೆ ಸಾಮಾನ್ಯವಾಗಿ ಅಯಸ್ಕಾಂತ ಅಂಟಲ್ಲ, ಆದರೆ ಹರಳಿನ ಅಂಚು ಬದಲಾಗಿ ಮ್ಯಾಗ್ನೆಟೈಟ್ ಆಗಿದ್ದರೆ ಅಂಟುತ್ತೆ. ನುಗ್ಗೇಹಳ್ಳಿ ಪಟ್ಟಿಯಲ್ಲಿ (ಈ ಭಾಗದ ಹಳೇ ಶಿಲೆಗಳ ಉದ್ದನೆ ಸಾಲು) ಟೈಟಾನಿಯಂ, ವೆನೇಡಿಯಂ ಇರುವ ಮ್ಯಾಗ್ನೆಟೈಟ್ ಕೂಡ ಇದೆ, ಗೊಂದಲ ಅಲ್ಲಿಂದಲೇ. ಹಳ್ಳಿ ಅಕ್ಕಪಕ್ಕ ಹಳೇ ಕಬ್ಬಿಣದ ಕಿಟ್ಟವೂ (ಅದಿರು ಕರಗಿಸಿದಾಗ ಉಳಿಯೋ ಕಸ) ಸಿಗಬಹುದು. ಅದರಲ್ಲಿ ಗಾಳಿಗುಳ್ಳೆಯ ತೂತುಗಳಿರುತ್ತವೆ.

ಮಲೆಸಾಲು:
ಎರಡನೇ ಪ್ರಶ್ನೆಗೆ: ಎರಡೂ ಕಪ್ಪಗೆ ಕಂಡರೂ ಹುಟ್ಟು ಬೇರೆ. ನಿಮ್ಮದು ಶಿಲಾಪಾಕದಿಂದ, ಅಂದ್ರೆ ಭೂಮಿಯೊಳಗೆ ಕರಗಿದ ಕಲ್ಲಿನಿಂದ, ಬಂದದ್ದು. ಮೆಗ್ನೀಸಿಯಂ ಹೆಚ್ಚಿದ್ದ ಶಿಲಾಪಾಕ ತಣಿಯುವಾಗ ಕ್ರೋಮೈಟ್ ಮೊದಲೇ ಹರಳುಗಟ್ಟಿ, ಭಾರಕ್ಕೆ ಕೆಳಗೆ ಪದರವಾಗಿ ಕೂತಿತು. ಜೊತೆಗಿದ್ದ ಆಲಿವೀನ್ ಎಂಬ ಖನಿಜ ನೀರು ಸೇರಿ ಹಸಿರು ಸರ್ಪೆಂಟೈನ್ ಆಯ್ತು, ಕೆಲವೆಡೆ ಬಳಪದ ಕಲ್ಲೂ ಆಯ್ತು. ಆಮೇಲೆ ಇಡೀ ಪಟ್ಟಿ ಮಡಚಿ ತುಂಡಾದ್ದರಿಂದ ಅದಿರು ಮಸೂರದಂತೆ ಇಲ್ಲೊಂದು ಅಲ್ಲೊಂದು ಸಿಗೋದು. ಪಕ್ಕದ ಹೊಲದಲ್ಲಿ ಇದ್ದರೆ ನಿಮ್ಮಲ್ಲೂ ಇರಬೇಕು ಅಂತಿಲ್ಲ.

ಬಾಬಾಬುಡನ್ ಮತ್ತು ಕುದುರೆಮುಖದ ಕಬ್ಬಿಣ ಸಮುದ್ರದ್ದು. 250 ಕೋಟಿ ವರ್ಷಕ್ಕೂ ಹಿಂದೆ, ಗಾಳಿಯಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಅನ್ನುವಷ್ಟಿದ್ದಾಗ, ನೀರಲ್ಲಿ ಕರಗಿದ್ದ ಕಬ್ಬಿಣ ಸಿಲಿಕಾದ ಜೊತೆ ಪಟ್ಟೆಪಟ್ಟೆಯಾಗಿ ತಳಕ್ಕಿಳಿಯಿತು. ಕೆಮ್ಮಣ್ಣುಗುಂಡಿಯಲ್ಲಿ ಮಳೆ ಸಿಲಿಕಾ ತೊಳೆದು ಅದಿರಿನಲ್ಲಿ ಕಬ್ಬಿಣದ ಪಾಲು ಹೆಚ್ಚಿಸಿತು, ಅದು ಭದ್ರಾವತಿ ಕಾರ್ಖಾನೆಗೆ ಹೋಗ್ತಿತ್ತು. ಕುದುರೆಮುಖದ್ದು ಕಡಿಮೆ ದರ್ಜೆಯ ಮ್ಯಾಗ್ನೆಟೈಟ್, ಹಾಗಾಗಿ ಪುಡಿ ಮಾಡಿ, ಬೇರ್ಪಡಿಸಿ, ಕೊಳವೆಯಲ್ಲಿ ಮಂಗಳೂರಿಗೆ ಕಳಿಸಬೇಕಿತ್ತು. ಅಲ್ಲಿ ಗಣಿಗಾರಿಕೆ 2005ರ ಕೊನೆಗೆ ನಿಂತಿತು.

ಹೊಳೆನರಸೀಪುರ ಪಟ್ಟಿಯಲ್ಲಿ ಮೂರನೇ ಬಗೆ ಇದೆ: ಜೇಡಿಯ ಪದರ ಆಳಕ್ಕಿಳಿದು, ಒತ್ತಡ-ಬಿಸಿಗೆ ಸಿಕ್ಕಿ ಆದ ನೀಲಿ ಪಟ್ಟಿಯಂಥ ಕಯನೈಟ್. ಚಾಕುವಿನಿಂದ ಉದ್ದಕ್ಕೆ ಗೀರಿದರೆ ಗೀರು ಬೀಳುತ್ತೆ, ಅಡ್ಡಕ್ಕೆ ಬೀಳಲ್ಲ. ಗುರುತಿಸೋಕೆ ಇಷ್ಟು ಸುಲಭದ ಖನಿಜ ಜಿಲ್ಲೆಯಲ್ಲಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ತೆಂಗಿನತೋಟ:
ತೂಗಿ ನೋಡಿದೆ. ಅಯಸ್ಕಾಂತ ಸ್ವಲ್ಪ ಎಳೆಯೋ ಕಲ್ಲು 312 ಗ್ರಾಂ, ನೀರಲ್ಲಿ 104. ಗೆರೆ ಬೂದು. ಅಂಟದೇ ಇರೋದು 187 ಗ್ರಾಂ, ನೀರಲ್ಲಿ 43. ಗೆರೆ ಕಂದು.

ಒರೆಗಲ್ಲು:
ಮೊದಲನೆಯದು ಸರಿಯಾಗಿ 3.0, ಡಾಲರೈಟ್ ಇರಬೇಕು. ಅದರೊಳಗೆ ಮ್ಯಾಗ್ನೆಟೈಟ್ ಕಾಳಿರುತ್ತೆ, ಹಾಗಾಗಿ ಎಳೆತ. ಎರಡನೆಯದು 4.35, ಸರ್ಪೆಂಟೈನ್ ಬೆರೆತ ಕ್ರೋಮೈಟ್ ಆಗಿರೋ ಸಾಧ್ಯತೆ ಹೆಚ್ಚು. ಲ್ಯಾಬಿಗೆ ಚೆನ್ನಾಗಿ ಕಾಣೋ ಒಂದೇ ಕಲ್ಲು ಕಳಿಸಬೇಡಿ, ಅದು ಸುಳ್ಳು ಅಂಕಿ ಕೊಡುತ್ತೆ. ಬೇರೆ ಬೇರೆ ಗುಂಡಿಯಿಂದ ಚೂರು ಸೇರಿಸಿ ಒಂದು ಕಿಲೋ ಮಾಡಿ, ಪ್ರತಿ ಗುಂಡಿಯ ಆಳ ಬರೆದಿಡಿ. ಕ್ರೋಮಿಯಂ ಆಕ್ಸೈಡ್ ಶೇಕಡಾವಾರು, ಕ್ರೋಮಿಯಂ-ಕಬ್ಬಿಣದ ಅನುಪಾತ ಎರಡನ್ನೂ ಕೇಳಿ. ಏನೇ ಬಂದರೂ ಗಣಿ ಗುತ್ತಿಗೆ ಇಲ್ಲದೆ ಅಗೆದು ಮಾರುವಂತಿಲ್ಲ, ಜಮೀನು ನಿಮ್ಮದೇ ಆದರೂ.

ಮಲೆಸಾಲು:
ಜೊತೆಗೆ ಮಣ್ಣು ಪರೀಕ್ಷೆಯನ್ನೂ ಮಾಡಿಸಿ. ಸರ್ಪೆಂಟೈನ್ ಮೇಲಿನ ಮಣ್ಣಲ್ಲಿ ಮೆಗ್ನೀಸಿಯಂ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಆ ಎರಡರ ವರದಿ ನೋಡದೆ ತೆಂಗಿಗೆ ಮೆಗ್ನೀಸಿಯಂ ಸಲ್ಫೇಟ್ ಹಾಕಬೇಡಿ.