ಸೂಪರ್ ಟೆನಿಸ್: ಹೊಸ ಟಿವಿಯಲ್ಲಿ ಸರ್ವ್ ಟೈಮಿಂಗ್ ತಪ್ಪುತ್ತಿದೆ

ಪ್ರಶ್ನೆ:
ಸೂಪರ್ ನಿಂಟೆಂಡೊ ಅನ್ನೋ ಹಳೆಯ ಗೇಮ್ ಕನ್ಸೋಲ್‌ನಲ್ಲಿ ಸೂಪರ್ ಟೆನಿಸ್ ಆಡುತ್ತಿದ್ದೇನೆ. 1991ರ ಅಮೆರಿಕನ್ ಕಾರ್ಟ್ರಿಜ್, ಕನ್ಸೋಲ್ ಕೂಡ ಅಲ್ಲಿಯದೇ. ಹಳೆಯ ಡಬ್ಬಾ ಟಿವಿ ಹೋದ ಮೇಲೆ ಎಲ್‌ಇಡಿ ಟಿವಿಗೆ ಹಾಕಿದೆ. ನಡುವೆ, ಹಳೆಯ ಸಿಗ್ನಲ್ ಅನ್ನು ಹೊಸ ಟಿವಿಗೆ ಹೊಂದಿಸುವ ಒಂದು ಅಗ್ಗದ ಎವಿ-ಎಚ್‌ಡಿಎಂಐ ಕನ್ವರ್ಟರ್ ಇದೆ. ಆವತ್ತಿನಿಂದ ಸರ್ವ್ ಸರಿಯಾಗಿ ಬೀಳುತ್ತಿಲ್ಲ. ಚೆಂಡು ಮೇಲೆ ಹೋದ ಮೇಲೆ ಸರಿಯಾದ ಹೊತ್ತಿಗೇ ಬಟನ್ ಒತ್ತುತ್ತೇನೆ, ಆದರೂ ತಡವಾಗುತ್ತೆ. ವಿಚಿತ್ರ ಅಂದ್ರೆ ತಮ್ಮನ ಜೊತೆ ಆಡಿದರೆ ಆಟ ಸಮಸಮ. ಕಂಪ್ಯೂಟರ್ ಎದುರು ಮಾತ್ರ ಸೋಲು. ಕಂಟ್ರೋಲರ್ ಬದಲಿಸಿ ನೋಡಿದೆ, ಏನೂ ಆಗಲಿಲ್ಲ.

ಉತ್ತರ:
ಕಂಟ್ರೋಲರ್ ಬಿಡಿ. ತಮ್ಮನ ವಿಷಯ ಹೇಳಿದಿರಲ್ಲ, ಉತ್ತರ ಅಲ್ಲೇ ಇದೆ. ಚಿತ್ರ ಪರದೆಗೆ ತಡವಾಗಿ ಬರುತ್ತಿದೆ. ಇಬ್ಬರು ಆಡುವಾಗ ಆ ತಡ ಇಬ್ಬರಿಗೂ ಒಂದೇ. ಕಂಪ್ಯೂಟರ್ ಟಿವಿ ನೋಡಿಕೊಂಡು ಆಡಲ್ಲ ಅಲ್ವಾ, ಅದಕ್ಕೆ ತಡವೇ ಇಲ್ಲ.

ಈ ಕನ್ಸೋಲ್ ಸೆಕೆಂಡಿಗೆ ಸುಮಾರು 60 ಫ್ರೇಮ್ (ಬಿಡಿ ಚಿತ್ರ) ಕಳಿಸುತ್ತೆ. ಟಿವಿ 100 ಮಿಲಿಸೆಕೆಂಡ್ ತಡ ಮಾಡಿದರೂ ಆಟ 6 ಫ್ರೇಮ್ ಮುಂದೆ ಹೋಗಿರುತ್ತೆ. ಟೆನಿಸ್‌ನಲ್ಲಿ ಅಷ್ಟು ಸಾಕು, ಪಾಯಿಂಟ್ ಹೋಯಿತು.

ಖಾತ್ರಿ ಮಾಡಿಕೊಳ್ಳಲು ಸುಲಭ ದಾರಿ ಇದೆ. ಚಿತ್ರ ಒಯ್ಯುವ ಹಳದಿ ವೈರ್ ಈಗ ಇರುವಲ್ಲೇ ಇರಲಿ. ಸದ್ದು ಒಯ್ಯುವ ಕೆಂಪು-ಬಿಳಿ ವೈರ್ ಬಿಚ್ಚಿ ನೇರವಾಗಿ ಆಂಪ್ಲಿಫೈಯರ್‌ಗೆ ಹಾಕಿ. ಬ್ಲೂಟೂತ್ ಸ್ಪೀಕರ್ ಬೇಡ, ಅದೇ ತಡ ಮಾಡುತ್ತೆ. ಈಗ ರ‍್ಯಾಕೆಟ್‌ಗೆ ಚೆಂಡು ತಗಲುವುದನ್ನು ಗಮನಿಸಿ. 'ಟಪ್' ಅನ್ನೋ ಸದ್ದು ಮೊದಲು ಕೇಳಿ, ಹೊಡೆತ ಆಮೇಲೆ ಕಂಡರೆ ನನ್ನ ಮಾತು ನಿಜ. ಆಗ ಟಿವಿಯಲ್ಲಿ ಗೇಮ್ ಮೋಡ್ (ತಡ ಕಡಿಮೆ ಮಾಡುವ ಸೆಟ್ಟಿಂಗ್) ಹಾಕಿ. ಚಿತ್ರವನ್ನು ನಯ ಮಾಡಲು ಟಿವಿ ಮಾಡುವ ಮೋಷನ್ ಸ್ಮೂದಿಂಗ್, ನಾಯ್ಸ್ ರಿಡಕ್ಷನ್ ಎರಡನ್ನೂ ಆಫ್ ಮಾಡಿ. ಎಷ್ಟೋ ಟಿವಿಗಳಲ್ಲಿ ಈ ಸೆಟ್ಟಿಂಗ್ ಒಂದೊಂದು ಇನ್‌ಪುಟ್‌ಗೂ ಬೇರೆ ಬೇರೆ. ಕನ್ಸೋಲ್ ಇರುವ ಇನ್‌ಪುಟ್‌ನಲ್ಲೇ ಬದಲಿಸಿ.

ಪ್ರಶ್ನೆ ಕೇಳಿದವರು:
ಸದ್ದು ಸ್ಪಷ್ಟವಾಗಿ ಮೊದಲೇ ಬರುತ್ತಿತ್ತು! ಗೇಮ್ ಮೋಡ್ ಹಾಕಿದ ಮೇಲೆ ಅಂತರ ಕಡಿಮೆಯಾಯಿತು, ಆದರೆ ಪೂರ್ತಿ ಹೋಗಿಲ್ಲ. ಸರ್ವ್ ಈಗ ಹೆಚ್ಚುಕಡಿಮೆ ಸರಿ. ನೆಟ್ ಹತ್ತಿರ ವಾಲಿ (ಚೆಂಡು ನೆಲಕ್ಕೆ ಬೀಳುವ ಮುಂಚೆಯೇ ಹೊಡೆಯುವುದು) ಮಾತ್ರ ಇನ್ನೂ ತಪ್ಪುತ್ತಿದೆ.

ಉತ್ತರ:
ಉಳಿದ ತಡ ಬಹುಶಃ ಕನ್ವರ್ಟರ್‌ದು. ಕನ್ಸೋಲ್ ಕಳಿಸುವುದು 240ಪಿ, ಅಂದ್ರೆ 240 ಗೆರೆಗಳ ಸಿಗ್ನಲ್, ಪ್ರತಿ ಫ್ರೇಮೂ ಪೂರ್ತಿ ಚಿತ್ರ. ಅಗ್ಗದ ಕನ್ವರ್ಟರ್‌ಗಳು ಅದನ್ನು 480ಐ (ಒಂದು ಚಿತ್ರವನ್ನು ಅರ್ಧರ್ಧವಾಗಿ, ಗೆರೆ ಬಿಟ್ಟು ಗೆರೆ ಕಳಿಸುವ ಸಿಗ್ನಲ್) ಅಂದುಕೊಂಡು ಎರಡೆರಡು ಫ್ರೇಮ್ ಸೇರಿಸಲು ಹೋಗುತ್ತವೆ. ತಡ ಆಗುವುದಲ್ಲದೆ, ಓಡುವ ಚೆಂಡಿನ ಅಂಚು ಹಲ್ಲುಹಲ್ಲಾಗಿ ಕಾಣುತ್ತೆ. ಅದರ ಬದಲು ಲೈನ್ ಡಬ್ಲರ್ ತೆಗೆದುಕೊಳ್ಳಿ, ಅದು ಫ್ರೇಮ್ ಸೇರಿಸಲು ಹೋಗದೆ ಪ್ರತಿ ಗೆರೆಯನ್ನೂ ಎರಡೆರಡು ಸಲ ಕಳಿಸುತ್ತೆ. ರೆಟ್ರೋಟಿಂಕ್ 2ಎಕ್ಸ್ ಅನ್ನೋ ಡಬ್ಲರ್‌ಗೆ ಎಸ್-ವಿಡಿಯೊ ಕೇಬಲ್ (ಬೆಳಕು, ಬಣ್ಣ ಬೇರೆ ಬೇರೆಯಾಗಿ ಒಯ್ಯುವುದು) ನೇರವಾಗಿ ಹಾಕಬಹುದು, ಹಳದಿ ವೈರ್‌ಗಿಂತ ಚಿತ್ರವೂ ಜಾಸ್ತಿ ಚೊಕ್ಕ. ಓಎಸ್‌ಎಸ್‌ಸಿ ಅನ್ನೋ ಇನ್ನೊಂದು ಡಬ್ಲರ್ ಕೂಡ ಒಳ್ಳೆಯದೇ, ಆದರೆ ಅದಕ್ಕೆ ಆರ್‌ಜಿಬಿ ಕೇಬಲ್ (ಕೆಂಪು, ಹಸಿರು, ನೀಲಿ ಬೇರೆ ಬೇರೆಯಾಗಿ ಒಯ್ಯುವುದು) ಬೇಕು. ಕೊಳ್ಳುವ ಮುಂಚೆ ಕನ್ಸೋಲ್ ಯಾವುದು ನೋಡಿ. 1997ರ ಚಿಕ್ಕ ಮಾಡೆಲ್ ಆದರೆ, ಒಳಗಿನ ಸರ್ಕ್ಯೂಟ್ ಬದಲಿಸದೆ (ಮಾಡ್ ಮಾಡಿಸದೆ) ಎಸ್-ವಿಡಿಯೊ, ಆರ್‌ಜಿಬಿ ಎರಡೂ ಬರಲ್ಲ.