5×2×2 ಅಡಿ ಸಿಹಿನೀರಿನ ಮೀನಿನ ಟ್ಯಾಂಕ್: ಕ್ಯಾನಿಸ್ಟರಾ, ಸಂಪಾ? ನೀರು ತುಂಬೋ ಮುಂಚೆ ಏನೇನು ನೋಡ್ಕೋಬೇಕು?

ಗಾಜುತೊಟ್ಟಿ:

ಎಲ್ಲರಿಗೂ ನಮಸ್ಕಾರ. 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಸಿಹಿನೀರಿನ ಟ್ಯಾಂಕ್ ಮಾಡಿಸ್ತಿದ್ದೀನಿ. 12 ಎಂಎಂ ಗಾಜು, ಮೇಲಂಚಿಗೆ ಸುತ್ತಲೂ ಗಾಜಿನ ಪಟ್ಟಿ. ಗಾಜು ಇನ್ನೂ ಕತ್ತರಿಸಿಲ್ಲ, ತೂತು ಕೊರೆಸೋದಿದ್ರೆ ಈಗಲೇ ಹೇಳಬೇಕು. ಮೊದಲನೇ ಮಹಡಿ, ಕಾಂಕ್ರೀಟ್ ಸ್ಲ್ಯಾಬ್. ಕರೆಂಟ್ ಆಗಾಗ ಹೋಗುತ್ತೆ, ಒಮ್ಮೊಮ್ಮೆ 4–5 ಗಂಟೆ ಬರೋದೇ ಇಲ್ಲ. ನಲ್ಲಿ ನೀರಿನ ಪಿಎಚ್ 7.6, ಕೆಎಚ್ (ಕಾರ್ಬೊನೇಟ್ ಗಡಸುತನ) 5 ಡಿಗ್ರಿ.

ಸ್ಲ್ಯಾಬ್ ಇಷ್ಟು ಭಾರ ತಡೆಯುತ್ತಾ? ಎರಡು ದೊಡ್ಡ ಕ್ಯಾನಿಸ್ಟರ್ (ಮುಚ್ಚಿದ ಡಬ್ಬಿಯ) ಫಿಲ್ಟರ್ ಸಾಕಾ, ಸಂಪ್ (ಟ್ಯಾಂಕಿನ ಕೆಳಗಿಡೋ ಫಿಲ್ಟರ್ ತೊಟ್ಟಿ) ಮಾಡಿಸಲೇಬೇಕಾ? ಮನಸ್ಸಲ್ಲಿರೋ ಮೀನುಗಳು: 2 ಆಸ್ಕರ್, 6 ಏಂಜೆಲ್, 20 ನಿಯಾನ್ ಟೆಟ್ರಾ, ಪಾಚಿ ತಿನ್ನೋಕೆ ಒಂದು ಸಾಮಾನ್ಯ ಪ್ಲೆಕೊ. ನೀರು ತುಂಬಿಸಿ ಎಷ್ಟು ದಿನಕ್ಕೆ ಮೀನು ಬಿಡಬಹುದು?

ಮಟ್ಟಗಾರ:

ಭಾರದ ಲೆಕ್ಕ ಮೊದಲು. ಹೊರಗಿನ ಅಳತೆ ಹಿಡಿದರೆ 566 ಲೀಟರ್ ಬರುತ್ತೆ. ಗಾಜಿನ ದಪ್ಪ, ಮರಳು, ಮೇಲೆ ಬಿಡೋ ಜಾಗ ಕಳೆದ್ರೆ ನೀರು ಹಿಡಿಯೋದು 470 ಲೀಟರ್ ಆಸುಪಾಸು, ಅಂದ್ರೆ 470 ಕಿಲೋ. 12 ಎಂಎಂ ಗಾಜು ಚದರ ಮೀಟರಿಗೆ 30 ಕಿಲೋ ತೂಗುತ್ತೆ. ಐದು ಹಲಗೆ ಸೇರಿ 105. ಐದು ಸೆಂಟಿಮೀಟರ್ ಮರಳಿಗೆ 70, ಕಲ್ಲು ಕಟ್ಟಿಗೆ 20, ಕಬ್ಬಿಣದ ಸ್ಟ್ಯಾಂಡ್ 65–70. ಆಗಲೇ 730 ದಾಟಿತು. ಸಂಪ್ ಇಟ್ರೆ ಇನ್ನೊಂದು ನೂರು ಸೇರಿಸಿ. ಇಷ್ಟೂ ಕೂರೋದು ಒಂದು ಚದರ ಮೀಟರಿಗಿಂತ ಚಿಕ್ಕ ಜಾಗದಲ್ಲಿ.

ಮನೆಯ ಸ್ಲ್ಯಾಬ್‌ಗೆ ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಬಳಕೆಯ ಭಾರ ಅಂತ ಹಿಡಿದಿರ್ತಾರೆ. ಅದು ಇಡೀ ಕೋಣೆಗೆ ಹರಡಿದ ಲೆಕ್ಕ, ಹಾಗಾಗಿ ಒಂದು ಕಡೆ 800 ಇಟ್ಟ ತಕ್ಷಣ ಏನೋ ಆಗಿಬಿಡುತ್ತೆ ಅಂತಲ್ಲ. ಆದರೆ ಎಲ್ಲಿ ಇಡ್ತೀರಿ ಅನ್ನೋದು ಮುಖ್ಯ. ಕೋಣೆಯ ನಡುವೆ ಬೇಡ, ಗೋಡೆಯಿಂದ ಆಚೆ ಚಾಚಿದ ಬಾಲ್ಕನಿ ಮೇಲಂತೂ ಬೇಡವೇ ಬೇಡ. ಕೆಳಗೆ ತೊಲೆ ಹಾದುಹೋಗಿರೋ ಗೋಡೆಯ ಪಕ್ಕಕ್ಕೆ ಉದ್ದವಾಗಿ ಇಡಿ. ತೊಲೆ ಎಲ್ಲಿದೆ ಅಂತ ಕೆಳಮನೆಯ ಸೂರು ನೋಡಿದ್ರೆ ಗೊತ್ತಾಗುತ್ತೆ. ನಕ್ಷೆ ತಗೊಂಡು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ತೋರಿಸಿ. ಇಲ್ಲಿ ಕೂತು ಯಾರೂ ಅದಕ್ಕೆ ಗ್ಯಾರಂಟಿ ಕೊಡೋಕಾಗಲ್ಲ.

ಸ್ಟ್ಯಾಂಡ್ 40×40 ಚೌಕ ಪೈಪ್‌ನಲ್ಲಿ ಮಾಡಿಸಿ, ಗೋಡೆ ದಪ್ಪ 2 ಎಂಎಂಗೆ ಕಡಿಮೆ ಬೇಡ. ಮೇಲೆ 18 ಎಂಎಂ ಮರೈನ್ ಪ್ಲೈವುಡ್, ಅದರ ಮೇಲೆ 10 ಎಂಎಂ ಥರ್ಮಾಕೋಲ್, ಆಮೇಲೆ ಟ್ಯಾಂಕ್. ತಳದ ಗಾಜಿನಡಿ ಒಂದು ಸಣ್ಣ ಮರಳಿನ ಹರಳು ಸಿಕ್ಕಿಕೊಂಡ್ರೂ ಅಷ್ಟೂ ಒತ್ತಡ ಅದೇ ಬಿಂದುವಿಗೆ ಬೀಳುತ್ತೆ, ಅದನ್ನು ನುಂಗೋಕೇ ಥರ್ಮಾಕೋಲ್. (ತಳದ ಸುತ್ತ ಪ್ಲಾಸ್ಟಿಕ್ ಚೌಕಟ್ಟು ಇರೋ ರೆಡಿಮೇಡ್ ಟ್ಯಾಂಕಿಗೆ ಇದು ಹಾಕಬಾರದು, ಅದರ ತಳ ಎತ್ತರದಲ್ಲೇ ತೂಗಾಡಬೇಕು.) ಮಟ್ಟ ಸರಿಮಾಡೋಕೆ ಬಿಲ್ಲೆ ಕೊಡೋದು ಸ್ಟ್ಯಾಂಡಿನ ಕಾಲಿಗೆ. ಟ್ಯಾಂಕ್ ಮತ್ತು ಪ್ಲೈ ನಡುವೆ ಏನನ್ನೂ ತುರುಕಬೇಡಿ. ಉದ್ದಕ್ಕೆ ಎರಡು ಮೂರು ಎಂಎಂ ವಾಲಿದ್ರೆ ನೋಡೋಕೆ ಚೆನ್ನಾಗಿರಲ್ಲ ಅಷ್ಟೆ. ಒಂದು ಮೂಲೆ ಮಾತ್ರ ಎದ್ದು ಟ್ಯಾಂಕ್ ತಿರುಚಿಕೊಂಡ್ರೆ ಸಿಲಿಕಾನ್ ಜೋಡಣೆ ಸೀಳುತ್ತೆ.

ಸುತ್ತ ಪಟ್ಟಿ ಇರೋದರಿಂದ 12 ಎಂಎಂ ಸರಿ. ಪಟ್ಟಿ ತೆಗೆದು ಬೋಳಾಗಿ ಮಾಡಿಸೋ ಮನಸ್ಸಾದ್ರೆ 15ಕ್ಕೆ ಹೋಗಿ. ಅಂಟಿಸಿ ಒಂದು ವಾರ ಬಿಟ್ಟು, ಅದೇ ಸ್ಟ್ಯಾಂಡಿನ ಮೇಲೆ ಮೂರು ಹಂತದಲ್ಲಿ ನೀರು ತುಂಬಿಸಿ, ಕೆಳಗಡೆ ಸುತ್ತ ಹಳೇ ಪತ್ರಿಕೆ ಹಾಸಿ 48 ಗಂಟೆ ನೋಡಿ. ಜಿನುಗೋದು ಕಣ್ಣಿಗೆ ಕಾಣದಿದ್ರೂ ಪೇಪರ್ ಮೇಲೆ ಕಲೆ ಬೀಳುತ್ತೆ.

ಮೂರುಪೈಪು:

ನಿಮ್ಮ ಪ್ರಶ್ನೆಯಲ್ಲಿ ಮುಖ್ಯವಾದ ಮಾಹಿತಿ ಕರೆಂಟ್ 4–5 ಗಂಟೆ ಹೋಗುತ್ತೆ ಅನ್ನೋದು. ಕ್ಯಾನಿಸ್ಟರ್ ಮುಚ್ಚಿದ ಡಬ್ಬಿ. ಮೋಟಾರ್ ನಿಂತ್ರೆ ಒಳಗಿರೋ, ನೀರು ಶುದ್ಧ ಮಾಡೋ ಬ್ಯಾಕ್ಟೀರಿಯಾ ಅಲ್ಲಿರೋ ನಾಲ್ಕೈದು ಲೀಟರ್ ನೀರಿನ ಆಮ್ಲಜನಕ ಮುಗಿಸಿ ಉಸಿರುಗಟ್ಟುತ್ತೆ. ಕರೆಂಟ್ ಬಂದಾಗ ಆ ಕೊಳೆತ ನೀರು ನೇರ ಮೀನಿನ ಮೇಲೆ. ಸಂಪ್ ತೆರೆದ ತೊಟ್ಟಿ, ಗಾಳಿ ತಾಗ್ತಾ ಇರುತ್ತೆ, ಅಷ್ಟು ಬೇಗ ಹಾಗಾಗಲ್ಲ. ನೆಲದಡಿ ನೀರು ತುಂಬಿಸೋ ಸಂಪ್ ಬೇರೆ, ಇದು ಸ್ಟ್ಯಾಂಡಿನೊಳಗೆ ಕೂರೋ ಎರಡನೇ ಗಾಜಿನ ತೊಟ್ಟಿ, ಟ್ಯಾಂಕಿನ ನೀರು ಪೈಪಲ್ಲಿ ಇದಕ್ಕಿಳಿದು, ಸೋಸಿ, ಪಂಪಿಂದ ಮತ್ತೆ ಮೇಲೇರುತ್ತೆ. ಹೊಸಬರು ಗೊಂದಲ ಮಾಡ್ಕೋತಾರೆ, ಅದಕ್ಕೆ ಹೇಳಿದೆ.

ಆದ್ರೆ ಸಂಪ್ ಹಾಕಿದ್ರೆ ಕರೆಂಟ್ ಹೋದ ಕ್ಷಣದಲ್ಲಿ ನೀರು ಎಲ್ಲಿಗೆ ಹೋಗುತ್ತೆ ಅನ್ನೋದನ್ನ ಕಾಗದದ ಮೇಲೆ ಲೆಕ್ಕ ಹಾಕಲೇಬೇಕು. ನಿಮ್ಮ ಟ್ಯಾಂಕಲ್ಲಿ ನೀರಿನ ಮಟ್ಟದ ಒಂದು ಸೆಂಟಿಮೀಟರ್ ಅಂದ್ರೆ 8.8 ಲೀಟರ್. 36×16×16 ಇಂಚಿನ ಸಂಪ್ ಇಟ್ಟು, ಓಡುವಾಗ 20 ಸೆಂಟಿಮೀಟರ್ ನೀರು ನಿಲ್ಲಿಸಿದ್ರೆ ಅದರಲ್ಲಿ 70 ಲೀಟರ್ ಇರುತ್ತೆ, ಇನ್ನೂ 65 ಲೀಟರ್ ಹಿಡಿಯುತ್ತೆ. ಈಗ ಮೇಲಕ್ಕೆ ನೀರು ಬಿಡೋ ಪೈಪಿನ ಬಾಯಿ ನೀರೊಳಗೆ 10 ಸೆಂಟಿಮೀಟರ್ ಆಳದಲ್ಲಿದೆ ಅಂದ್ಕೊಳ್ಳಿ. ಪಂಪ್ ನಿಂತ ಕೂಡಲೇ ಅದೇ ಪೈಪು ಸೈಫನ್ ಆಗಿ ಉಲ್ಟಾ ಎಳೆಯುತ್ತೆ, ಬಾಯಿಗೆ ಗಾಳಿ ಸಿಗೋ ತನಕ ನಿಲ್ಲಲ್ಲ. 88 ಲೀಟರ್ ಕೆಳಗಿಳಿಯುತ್ತೆ. ಅದರಲ್ಲಿ 20ಕ್ಕೂ ಹೆಚ್ಚು ನೆಲದ ಮೇಲೆ. ಪೈಪಿನ ಬಾಯಿಯನ್ನ ಎರಡು ಸೆಂಟಿಮೀಟರ್ ಆಳಕ್ಕೆ ತಂದ್ರೆ ಇಳಿಯೋದು 18 ಲೀಟರ್ ಚಿಲ್ಲರೆ, ನೆಮ್ಮದಿ. ಪೈಪಿಗೆ ನೀರಿನ ಮಟ್ಟದ ಸ್ವಲ್ಪ ಕೆಳಗೆ 4 ಎಂಎಂ ತೂತನ್ನೂ ಹೊಡೀರಿ, ಆದರೆ ಅದಕ್ಕೆ ಪಾಚಿ ಕಟ್ಟುತ್ತೆ, ವಾರಕ್ಕೊಮ್ಮೆ ಕಡ್ಡಿ ಹಾಕಿ ಬಿಡಿಸಬೇಕು. ನಾನ್ ರಿಟರ್ನ್ ವಾಲ್ವ್ ಹಾಕಿದೀನಿ ಅಂತ ಮಲಗಬೇಡಿ. ಒಂದು ಬಸವನಹುಳು ಸಿಕ್ಕಿಕೊಂಡ್ರೆ ಅದು ಮುಚ್ಚಲ್ಲ.

ಉಲ್ಟಾ ಅಪಾಯವೂ ಇದೆ. ಕೆಳಗೆ ಬರೋ ಪೈಪು ಎಲೆ ಸಿಕ್ಕಿ ಕಟ್ಟಿದ್ರೆ ಪಂಪ್ ತನ್ನ ಕೋಣೆಯ ನೀರೆಲ್ಲ ಮೇಲೆ ಹಾಕುತ್ತೆ. ಮೇಲೆ ಮೂರು ಸೆಂಟಿಮೀಟರ್ ಖಾಲಿ ಬಿಟ್ಟಿದ್ರೆ 26 ಲೀಟರ್ ಜಾಗ ಇರುತ್ತೆ. ಹಾಗಾಗಿ ಪಂಪ್ ಕೋಣೆಯಲ್ಲಿ ಓಡುವಾಗ 20 ಲೀಟರಿಗಿಂತ ಹೆಚ್ಚು ನಿಲ್ಲದ ಹಾಗೆ ಅಡ್ಡಗಾಜು ಕೂರಿಸಿ. ಉದ್ದ 25 ಸೆಂಟಿಮೀಟರ್ ಇಟ್ಟರೆ 19 ಲೀಟರ್ ಬರುತ್ತೆ.

ಗಾಜಿನವರಿಗೆ ಈಗ ಹೇಳಬೇಕಾದ್ದು: ಹಿಂಭಾಗದ ಗಾಜಿನಲ್ಲಿ ಮೂರು ತೂತು. ಎರಡು, ಕೆಳಗಿಳಿಯೋ ಒಂದೂವರೆ ಇಂಚಿನ ಪೈಪುಗಳಿಗೆ; ಇನ್ನೊಂದು, ಪಂಪಿಂದ ಮೇಲೆ ಬರೋ ಒಂದು ಇಂಚಿನ ಪೈಪಿಗೆ. ತೂತಿನ ಅಳತೆ ಪೈಪಿನದ್ದಲ್ಲ, ಬಲ್ಕ್‌ಹೆಡ್ ಫಿಟ್ಟಿಂಗಿನದ್ದು (ತೂತಲ್ಲಿ ಪೈಪನ್ನ ಸೋರದಂತೆ ಹಿಡಿಯೋ ಜೋಡಣೆ). ಫಿಟ್ಟಿಂಗನ್ನ ಕೈಗೆ ತಗೊಂಡೇ ಅಳತೆ ಕೊಡಿ. ತೂತಿನ ಅಂಚಿಂದ ಗಾಜಿನ ಅಂಚಿಗೆ ಕನಿಷ್ಠ ಒಂದು ತೂತಿನ ವ್ಯಾಸದಷ್ಟು ದೂರ ಇರಲಿ. ಟಫನ್ಡ್ ಗಾಜು ಆಗಿಬಿಟ್ಟ ಮೇಲೆ ಕೊರೆಯೋಕಾಗಲ್ಲ, ಪುಡಿಪುಡಿ ಆಗುತ್ತೆ. ಎರಡು ದೊಡ್ಡ ಪೈಪಲ್ಲಿ ಒಂದು ಪೂರ್ತಿ ತುಂಬಿ ಹರಿಯಬೇಕು, ಅದಕ್ಕೆ ಗೇಟ್ ವಾಲ್ವ್ ಹಾಕಿ ಹೊಂದಿಸಿ. ಬಾಲ್ ವಾಲ್ವ್‌ನಲ್ಲಿ ಅಷ್ಟು ನಾಜೂಕು ಸಿಗಲ್ಲ. ಇನ್ನೊಂದು ಒಣಗಿದ್ದೇ ಇರಬೇಕು, ಅದು ಬರೀ ಆಪತ್ತಿಗೆ. ಅದಕ್ಕೆ ಯಾವ ವಾಲ್ವೂ ಬೇಡ, ಅದರಲ್ಲಿ ನೀರಿನ ಸದ್ದು ಕೇಳಿಸಿದ್ರೆ ಮೊದಲನೇದು ಕಟ್ಟಿದೆ ಅಂತ ಅರ್ಥ.

ಪಂಪ್: ಗಂಟೆಗೆ ಐದು ಸುತ್ತು ಅಂದ್ರೆ 2400 ಲೀಟರ್ ಮೇಲೆ ತಲುಪಬೇಕು. ಡಬ್ಬದ ಮೇಲಿನ ಸಂಖ್ಯೆ ಎತ್ತರ ಇಲ್ಲದಾಗಿನದ್ದು. ಒಂದೂವರೆ ಮೀಟರ್ ಏರಿಸೋಕೆ 3500–4000ದ್ದು ತಗೊಳ್ಳಿ, ಜೊತೆಗೆ ಬಂದಿರೋ ಚಾರ್ಟ್‌ನಲ್ಲಿ ಆ ಎತ್ತರಕ್ಕೆ ಎಷ್ಟು ಅಂತ ನೋಡಿ.

ಹೀಟರ್ ಬೇಕಾದ್ರೆ 600 ವ್ಯಾಟಿನ ಒಂದರ ಬದಲು 300ದ್ದು ಎರಡು. ಒಂದರ ಥರ್ಮೋಸ್ಟಾಟ್ ಆನ್ ಸ್ಥಿತಿಯಲ್ಲೇ ಅಂಟಿಕೊಂಡ್ರೂ ಮೀನು ಬೇಯೋಕೆ ಮುಂಚೆ ನಿಮಗೆ ತಿಳಿಯೋಷ್ಟು ಸಮಯ ಸಿಗುತ್ತೆ. ಪಂಪ್ ಕೋಣೆಯಲ್ಲಿ ಇಡಬೇಡಿ. ಆವಿಯಾದ ನೀರೆಲ್ಲ ಕಮ್ಮಿಯಾಗೋದು ಅಲ್ಲೇ, ಹೀಟರ್ ನೀರಿಂದ ಹೊರಗಾಗಿ ಒಡೆಯುತ್ತೆ. ಪ್ಲಗ್ ಬೋರ್ಡ್ ಸಂಪ್‌ಗಿಂತ ಮೇಲಿರಲಿ, ಪ್ರತಿ ವೈರೂ ಪ್ಲಗ್‌ಗಿಂತ ಕೆಳಕ್ಕೆ ಒಂದು ಬಾಗು ತಗೊಂಡು ಮೇಲೇರಲಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಕ್ಷಣ ಕಡಿಯೋ ಸ್ವಿಚ್) ಇಲ್ಲದ ಲೈನಿಗೆ ಇದನ್ನ ಹಾಕಲೇಬೇಡಿ.

ಸದ್ದಿಲ್ಲದಮೀನು:

ಸಂಪ್‌ ಪಕ್ಷದವರು ಕ್ಯಾನಿಸ್ಟರನ್ನ ಯಾವಾಗಲೂ ವಿಷದ ಡಬ್ಬಿ ಥರ ವರ್ಣಿಸ್ತಾರೆ 🙂 ತೂತಿಲ್ಲದ ಗಾಜು, ಸದ್ದಿಲ್ಲ, ಆವಿ ಕಮ್ಮಿ, ಕೆಳಗೆ ಚೆಲ್ಲೋ ಭಯ ಕಮ್ಮಿ. ಎಳೆಯೋ ಪೈಪಿಗೆ ಸ್ಪಂಜ್ ಹಾಕಿ ಕಸ ಒಳಗೆ ಹೋಗದಂತೆ ನೋಡ್ಕೊಂಡ್ರೆ ಡಬ್ಬಿಯೊಳಗೆ ಕೊಳೆಯೋ ಸರಕೂ ಕಮ್ಮಿ. ಎರಡು ಗಂಟೆ ನಿಂತ್ರೆ ಏನೂ ಆಗಲ್ಲ. ಅರ್ಧ ದಿನ ನಿಂತಿದ್ರೆ ಹಾಗೇ ಚಾಲೂ ಮಾಡದೆ, ಬಿಚ್ಚಿ ಆ ನೀರು ಚೆಲ್ಲಿ, ಒಳಗಿನ ಮೀಡಿಯಾವನ್ನ (ಬ್ಯಾಕ್ಟೀರಿಯಾ ಕೂರೋ ಸರಕನ್ನ) ಟ್ಯಾಂಕಿನ ನೀರಲ್ಲೇ ಅಲುಬಿ ಹಾಕಿ. ಆದರೂ ನಿಮ್ಮ 4–5 ಗಂಟೆಯ ಲೆಕ್ಕಕ್ಕೆ ಸಂಪ್ ವಾಸಿ ಅಂತ ಒಪ್ತೀನಿ. ಯಾವುದೇ ಹಾಕಿ, ಬ್ಯಾಟರಿ ಏರ್ ಪಂಪ್ ಒಂದಿರಲಿ. ಕರೆಂಟ್ ಹೋದಾಗ ಮೀನಿಗೆ ಮೊದಲು ಕಮ್ಮಿಯಾಗೋದು ಆಮ್ಲಜನಕ. ಆ ಹೊತ್ತಲ್ಲಿ ಆಹಾರ ಹಾಕಬೇಡಿ.

ಮೀನಿನ ಪಟ್ಟಿ ಮಾತ್ರ ನಡೆಯಲ್ಲ. ಆಸ್ಕರ್ 30 ಸೆಂಟಿಮೀಟರ್ ಬೆಳೆಯುತ್ತೆ, ನಿಯಾನ್ ಅದಕ್ಕೆ ಒಂದು ತುತ್ತು. ಬೆಳೆದ ಏಂಜೆಲ್ ಬಾಯಿಗೂ ನಿಯಾನ್ ಹಿಡಿಸುತ್ತೆ. ಸಾಮಾನ್ಯ ಪ್ಲೆಕೊ 30 ಸೆಂಟಿಮೀಟರ್ ದಾಟುತ್ತೆ, ದೊಡ್ಡದಾದ ಮೇಲೆ ಪಾಚಿಗಿಂತ ಹೇಲೇ ಜಾಸ್ತಿ. ಎರಡರಲ್ಲಿ ಒಂದು ಆರಿಸಿ: ಎರಡು ಆಸ್ಕರ್ ಮತ್ತು ಹೆಚ್ಚು ಕಮ್ಮಿ ಅಷ್ಟೇ. ಇಲ್ಲವೇ 6 ಏಂಜೆಲ್ ಮರಿ, 30 ರಮ್ಮಿನೋಸ್ ಟೆಟ್ರಾ, 12 ಸ್ಟರ್ಬಾಯ್ ಕೋರಿಡೋರಸ್, ಒಂದು ಬ್ರಿಸಲ್‌ನೋಸ್ ಪ್ಲೆಕೊ. ಏಂಜೆಲ್‌ಗಳು ಜೋಡಿ ಕಟ್ಟಿದ ಮೇಲೆ ಉಳಿದವನ್ನ ಅಟ್ಟಾಡಿಸುತ್ತವೆ, ಆಗ ಅವುಗಳಿಗೆ ಬೇರೆ ಜಾಗ ಬೇಕು. ಸರ್ಪೆ, ಬ್ಲ್ಯಾಕ್ ಸ್ಕರ್ಟ್ ಟೆಟ್ರಾ ಸೇರಿಸಬೇಡಿ, ಏಂಜೆಲ್ ರೆಕ್ಕೆ ಕಚ್ಚುತ್ತವೆ. ಕೋರಿಗೆ ನುಣ್ಣನೆ ಮರಳು ಬೇಕು. ಚೂಪು ಜಲ್ಲಿಯಲ್ಲಿ ಮೀಸೆ ಸವೆದು ಹುಣ್ಣಾಗುತ್ತೆ.

ಗಾಜುತೊಟ್ಟಿ:

ಎಲ್ಲರಿಗೂ ಧನ್ಯವಾದ. ಸಂಪ್ ಮಾಡಿಸಿ ಓಡಿಸ್ತಿದ್ದೀನಿ. ಏಂಜೆಲ್ ಪಟ್ಟಿಯೇ ಖಾಯಂ. ಮೀನಿಲ್ಲದ ಸೈಕ್ಲಿಂಗ್ (ಮೀನು ಬಿಡೋ ಮುಂಚೆ ಅಮೋನಿಯ ಹಾಕಿ ಫಿಲ್ಟರ್ ಬ್ಯಾಕ್ಟೀರಿಯಾ ಬೆಳೆಸೋದು) ನಡೀತಿದೆ, ಉಷ್ಣತೆ 27. ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯವನ್ನ 2 ಪಿಪಿಎಂಗೆ (ಲೀಟರಿಗೆ 2 ಮಿಲಿಗ್ರಾಂ) ತರ್ತಿದ್ದೀನಿ, ಇಲ್ಲಿಗೆ ಆರು ಡೋಸ್ ಆಯ್ತು. 19ನೇ ದಿನ: ಅಮೋನಿಯ 24 ಗಂಟೆಯಲ್ಲಿ ಸೊನ್ನೆ ಆಗ್ತಿತ್ತು, ಈಗ ಎರಡು ದಿನದಿಂದ ಇಳೀತಾ ಇಲ್ಲ. ನೈಟ್ರೈಟ್ ಬಣ್ಣ ಚಾರ್ಟ್‌ನ ಕೊನೆ ದಾಟಿದೆ. ಪಿಎಚ್ 6.3. ಬ್ಯಾಕ್ಟೀರಿಯಾ ಸತ್ತುಹೋಯ್ತಾ?

ಮೂರುಪೈಪು:

ಸತ್ತಿಲ್ಲ, ಕೆಎಚ್ ಮುಗಿದಿದೆ. ಅಳೆದು ನೋಡಿ, 1ರ ಆಸುಪಾಸು ಇರುತ್ತೆ. ಅಮೋನಿಯವನ್ನ ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತೆ, ಅದನ್ನ ಕಾರ್ಬೊನೇಟ್ ನುಂಗ್ತಾ ಬರುತ್ತೆ. 2 ಪಿಪಿಎಂನ ಒಂದು ಡೋಸ್ ಪೂರ್ತಿ ಕರಗೋಷ್ಟರಲ್ಲಿ ಕೆಎಚ್ ಸುಮಾರು 0.65 ಇಳಿಯುತ್ತೆ. ಆರು ಡೋಸಿಗೆ 4. ನೀವು ಶುರು ಮಾಡಿದ್ದೇ 5ರಿಂದ. ಪಿಎಚ್ 6.5ರ ಕೆಳಗೆ ಆ ಬ್ಯಾಕ್ಟೀರಿಯಾ ಮಂಕಾಗಿ ಕೂತುಬಿಡುತ್ತೆ.

ನೈಟ್ರೈಟ್ ಕೂಡ ಅದೇ ಲೆಕ್ಕ. 2 ಪಿಪಿಎಂ ಅಮೋನಿಯ 5.4 ಪಿಪಿಎಂ ನೈಟ್ರೈಟ್ ಆಗುತ್ತೆ. ಅದನ್ನ ತಿನ್ನೋ ಎರಡನೇ ಗುಂಪು ತಡವಾಗಿ ಬೆಳೆಯುತ್ತೆ, ಅಷ್ಟರಲ್ಲಿ ಆರು ಡೋಸ್ ಅಂದ್ರೆ 30 ದಾಟಿರಬಹುದು. 5ರ ತನಕ ತೋರಿಸೋ ಕಿಟ್‌ಗೆ ಇದು ಕಾಣಲ್ಲ. ಒಂದು ಪಾಲು ಟ್ಯಾಂಕ್ ನೀರಿಗೆ ಒಂಬತ್ತು ಪಾಲು ನಲ್ಲಿ ನೀರು ಬೆರೆಸಿ ಅಳೆದು, ಬಂದದ್ದನ್ನ ಹತ್ತರಿಂದ ಗುಣಿಸಿ.

ಮಾಡಬೇಕಾದ್ದು ಇಷ್ಟು. ಅರ್ಧ ನೀರು ಬದಲಿಸಿ, ಹೊಸ ನೀರಿಗೆ ಡಿಕ್ಲೋರಿನೇಟರ್ (ಕ್ಲೋರಿನ್ ತೆಗೆಯೋ ದ್ರಾವಣ) ಮರೀಬೇಡಿ. ನೀರಲ್ಲಿ ಕ್ಲೋರಮಿನ್ ಇದ್ರೆ ಒಂದು ರಾತ್ರಿ ಬಿಟ್ಟರೂ ಹೋಗಲ್ಲ. ಅಷ್ಟಕ್ಕೇ ಕೆಎಚ್ 3 ಆಗುತ್ತೆ. 100 ಲೀಟರಿಗೆ 3 ಗ್ರಾಂ ಅಡುಗೆ ಸೋಡಾ ಕೆಎಚ್ ಒಂದು ಡಿಗ್ರಿ ಏರಿಸುತ್ತೆ. ಸಂಪ್ ಸೇರಿ ನಿಮ್ಮದು 540 ಲೀಟರ್, ಅಂದ್ರೆ ಡಿಗ್ರಿಗೆ 16 ಗ್ರಾಂ. 32 ಗ್ರಾಮನ್ನ ಒಂದು ಜಗ್ ನೀರಲ್ಲಿ ಕರಗಿಸಿ ಸಂಪ್‌ಗೆ ಸುರಿದ್ರೆ 5ಕ್ಕೆ ಬರುತ್ತೆ. ಅಡುಗೆ ಸೋಡಾ ಬೇರೆ, ಬೇಕಿಂಗ್ ಪೌಡರ್ ಬೇರೆ, ಡಬ್ಬಿ ನೋಡಿ. ಈಗ ಮೀನಿಲ್ಲ, ಒಟ್ಟಿಗೇ ಹಾಕಬಹುದು. ಮೀನಿದ್ದಾಗ ಹೀಗೆ ಮಾಡಬಾರದು: ಪಿಎಚ್ 7ರಿಂದ 8ಕ್ಕೆ ಹೋದ್ರೆ ಅದೇ ಅಮೋನಿಯದ ವಿಷದ ಪಾಲು ಸುಮಾರು ಹತ್ತು ಪಟ್ಟಾಗುತ್ತೆ.

ಮುಂದಿನ ಡೋಸ್ ಅರ್ಧ ಮಾಡಿ. 2 ಪಿಪಿಎಂಗೆ ನಿಮ್ಮ ನೀರಿಗೆ 3.4 ಗ್ರಾಂ ಬೇಕು, ಇನ್ನು ಮೇಲೆ 1.7 ಗ್ರಾಂ, ಮೂರು ದಿನಕ್ಕೊಮ್ಮೆ. ಬ್ಯಾಕ್ಟೀರಿಯಾ ಹಸಿವಿಂದ ಸಾಯಲ್ಲ, ಅವಸರ ಬೇಡ. ನೈಟ್ರೈಟ್ ಒಂದು ದಿನ ದಿಢೀರಂತ ಬೀಳುತ್ತೆ. ಆಮೇಲೆ ಪೂರ್ತಿ 3.4 ಗ್ರಾಂ ಹಾಕಿ, 24 ಗಂಟೆಯಲ್ಲಿ ಎರಡೂ ಸೊನ್ನೆ ಆದ್ರೆ ಮುಗೀತು. ನೈಟ್ರೇಟ್ ಕೂಡಿಬಿದ್ದಿರುತ್ತೆ, ನೂರಕ್ಕೆ 70–80 ಭಾಗ ನೀರು ಬದಲಿಸಿ ಮೀನು ತನ್ನಿ.

ಮಟ್ಟಗಾರ:

ಅಮೋನಿಯಂ ಕ್ಲೋರೈಡ್ ಅಂದ್ರೆ ನವಸಾಗರವೇ. ಆದ್ರೆ ಕಲಾಯಿ ಹಾಕೋರ ಗಟ್ಟಿ ತಂದು ಹಾಕಬೇಡಿ, ಅದರಲ್ಲಿ ಬೇರೆ ಲೋಹ ಏನೇನು ಸೇರಿರುತ್ತೋ. ಶುದ್ಧ ಪುಡಿ ಮಾತ್ರ. ನೀರು ತುಂಬಿ ಮೂರು ವಾರ ಆಗಿದೆ, ನಾಲ್ಕು ಮೂಲೆಯಲ್ಲೂ ನೀರಿನ ಗೆರೆಯಿಂದ ಅಂಚಿಗೆ ಅಳೆದು ಬರೆದಿಡಿ. ಸ್ಟ್ಯಾಂಡ್ ಕೂತಿದ್ರೆ ಅದರಲ್ಲಿ ತಿಳಿಯುತ್ತೆ.

ಸದ್ದಿಲ್ಲದಮೀನು:

ಮೊದಲು 12 ಕೋರಿ ಮತ್ತು ಅರ್ಧ ಟೆಟ್ರಾ, ಎರಡು ವಾರ ಬಿಟ್ಟು ಉಳಿದ ಟೆಟ್ರಾ ಮತ್ತು ಪ್ಲೆಕೊ, ಕೊನೆಗೆ ಏಂಜೆಲ್. ಮೊದಲೇ ಏಂಜೆಲ್ ಬಿಟ್ರೆ ಅವು ಇಡೀ ಟ್ಯಾಂಕ್ ತಮ್ಮದು ಅಂದುಕೊಳ್ಳುತ್ತವೆ. ಈಗಲೇ ಒಂದು ಸಣ್ಣ ಸ್ಪಂಜ್ ಫಿಲ್ಟರನ್ನ ಸಂಪ್‌ನಲ್ಲಿ ಬಿಟ್ಟಿಡಿ. ಎರಡನೇ ತಂಡ ತರೋ ಹೊತ್ತಿಗೆ ಅದನ್ನೇ ಎತ್ತಿ 60 ಲೀಟರಿನ ಬೇರೆ ತೊಟ್ಟಿಗೆ ಹಾಕಿ, ಹೊಸ ಮೀನನ್ನ ನಾಲ್ಕು ವಾರ ಅಲ್ಲಿಟ್ಟು ನೋಡಿ. ಬಿಳಿ ಚುಕ್ಕಿ ರೋಗ ಬಂದ್ರೆ 60 ಲೀಟರಿಗೆ ಔಷಧಿ ಹಾಕೋದೇ ಬೇರೆ, 540ಕ್ಕೆ ಹಾಕೋದೇ ಬೇರೆ.

ಮತ್ತೆ ಮೀನು ಬಿಟ್ಟ ಮೇಲೆ ಗಾಜಿನ ಮೇಲೆ ಕಂದು ಪುಡಿ ಕಾಣುತ್ತೆ. ಡಯಾಟಮ್ ಅದು, ಹೊಸ ಟ್ಯಾಂಕಲ್ಲಿ ಸಾಮಾನ್ಯ. ಲೈಟ್ ಆರೇಳು ಗಂಟೆಗೆ ಮೀರಿಸಬೇಡಿ, ಒರೆಸ್ತಾ ಇರಿ, ಪಾಚಿ ಔಷಧಿ ಗಿವಷಧಿ ಹಾಕೋಕೆ ಹೋಗ್ಬೇಡಿ.