ಮಳೆ ಲೆಕ್ಕದ ಕೋಡ್, ಡೈರಿ ಬರಹ ಎರಡನ್ನೂ ಹಂಚಬೇಕು: ಯಾವ ಲೈಸೆನ್ಸ್ ಹಾಕಲಿ?

ಹೂಮಳೆ:
ನಮ್ಮದು ಸೋಮವಾರಪೇಟೆ ಹತ್ತಿರ ಚಿಕ್ಕ ಕಾಫಿ ತೋಟ. ಅಜ್ಜ ದಿನಾ ಬೆಳಗ್ಗೆ ಮಳೆ ಅಳೆದು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಡೈರಿಗೆ ಬರೆಯುತ್ತಿದ್ದರು. ಅದನ್ನೆಲ್ಲ ಮಿಲಿಮೀಟರಿಗೆ ತಿರುಗಿಸಿ, ಯಾವ ವರ್ಷ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಯಾವಾಗ ಬಂತು ಅಂತ ತೋರಿಸುವ ಪುಟ್ಟ ಪೈಥಾನ್ ಪ್ರೋಗ್ರಾಂ ಬರೆದಿದ್ದೇನೆ. ಡೈರಿ ಬಗ್ಗೆ ಕೆಲವು ಲೇಖನಗಳೂ ಇವೆ. ಎರಡೂ ಎಲ್ಲರಿಗೂ ಸಿಗಲಿ ಅಂತ ಆಸೆ. ಕೋಡ್ ಹಂಚುವ ತಾಣವಾದ ಗಿಟ್‌ಹಬ್‌ಗೆ ಹಾಕಿ ತಿಂಗಳಾಯಿತು, ಲೈಸೆನ್ಸ್ (ಬೇರೆಯವರು ಹೇಗೆ ಬಳಸಬಹುದು ಅನ್ನುವ ಅನುಮತಿ) ಏನೂ ಇಲ್ಲ. ಆದರೆ ಹಿಂದೊಮ್ಮೆ ನನ್ನ ಲೇಖನ ಪತ್ರಿಕೆಯೊಂದರಲ್ಲಿ ಬೇರೆಯವರ ಹೆಸರಲ್ಲಿ ಬಂದಿತ್ತು, ಆ ಬೇಜಾರು ಇನ್ನೂ ಹೋಗಿಲ್ಲ. ಯಾರಾದರೂ ಇದನ್ನೂ ತೆಗೆದುಕೊಂಡು ಮಾರಿದರೆ? 'ವ್ಯಾಪಾರಕ್ಕೆ ಬಳಸಬಾರದು' ಅಂತ ಹಾಕಲಾ?

ಗೋಣಿಕೊಪ್ಪದವ:
ಮೊದಲು ಲೈಸೆನ್ಸ್ ಫೈಲ್ ಹಾಕಿ. ನಮ್ಮ 1957ರ ಕಾಪಿರೈಟ್ ಕಾಯಿದೆಯಲ್ಲಿ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ, ಬರೆದ ಕ್ಷಣದಿಂದ ಹಕ್ಕೆಲ್ಲ ನಿಮ್ಮದು. ಹಾಗಾಗಿ ಈಗ ಪಕ್ಕದ ತೋಟದವರು ಅದನ್ನು ನೋಡಬಹುದು ಅಷ್ಟೇ, ತಿದ್ದಿ ಇನ್ನೊಬ್ಬರಿಗೆ ಕೊಡುವಂತಿಲ್ಲ. ಎಂಐಟಿ ಅನ್ನುವ ಲೈಸೆನ್ಸ್ ಹಾಕಿದರೆ ಕಾಪಿರೈಟ್ ಸಾಲು, ಲೈಸೆನ್ಸ್ ಬರಹ ಉಳಿಸಿಕೊಂಡರೆ ಸಾಕು, ಅವರು ಮಾಡಿದ ಸುಧಾರಣೆ ಮುಚ್ಚಿಟ್ಟುಕೊಳ್ಳಬಹುದು. ಜಿಪಿಎಲ್ ಅನ್ನುವ ಇನ್ನೊಂದು ಲೈಸೆನ್ಸಿನಲ್ಲಿ ಮಾರಲು ಅಡ್ಡಿಯಿಲ್ಲ, ಆದರೆ ಕೊಂಡವರಿಗೆ ಸೋರ್ಸ್ ಕೋಡನ್ನೂ (ಪ್ರೋಗ್ರಾಂನ ಮೂಲ ಬರಹ) ಅದೇ ಶರತ್ತಿನಲ್ಲಿ ಕೊಡಲೇಬೇಕು. ನಾನಾದರೆ ಜಿಪಿಎಲ್.

ಹಳೆಪುಸ್ತಕ:
ಬರಹಕ್ಕೆ ಮಾತ್ರ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯ ಲೈಸೆನ್ಸ್ ಹಾಕಿ, ಕೋಡಿಗೆ ಅದು ಬೇಡ ಅಂತ ಅವರೇ ಹೇಳುತ್ತಾರೆ. ವ್ಯಾಪಾರ ಬೇಡ ಅನ್ನುವ ಶರತ್ತು ಮಾತ್ರ ದಯವಿಟ್ಟು ಹಾಕಬೇಡಿ. ಹಾಕಿದರೆ ಕನ್ನಡ ವಿಕಿಪೀಡಿಯದವರು ನಿಮ್ಮ ಒಂದು ಪ್ಯಾರಾ ಕೂಡ ಎತ್ತಿಕೊಳ್ಳುವಂತಿಲ್ಲ, ಯಾರೋ ಪುಟ್ಟ ಪುಸ್ತಕ ಮಾಡಿ ಖರ್ಚಿನ ದುಡ್ಡಿಗೆ ಮಾರುವುದಕ್ಕೂ ನಿಮ್ಮನ್ನೇ ಹುಡುಕಿಕೊಂಡು ಬರಬೇಕು. ಅವರದೇ ಸಿಸಿ ಬೈ-ಎಸ್‌ಎ ಲೈಸೆನ್ಸ್ ಸಾಕು, ಅದರಲ್ಲಿ ನಿಮ್ಮ ಹೆಸರು ಹಾಕಲೇಬೇಕು, ತಿದ್ದಿ ಹಂಚಿದರೆ ಅದೇ ಶರತ್ತಿನಲ್ಲಿ ಹಂಚಬೇಕು. ನಿಮಗೆ ನೋವಾಗಿದ್ದು ಹೆಸರು ಹೋಗಿದ್ದಕ್ಕೆ ತಾನೇ, ದುಡ್ಡಿಗಲ್ಲ ಅಲ್ವಾ?

ಲೈಸೆನ್ಸ್ ಇಲ್ಲದಿದ್ದರೆ ಎಷ್ಟು ಕಾಯಬೇಕು ಅನ್ನುವುದಕ್ಕೆ ಒಂದು ಉದಾಹರಣೆ: ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಹಾಡುಗಳನ್ನು ಕೂಡಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ಅಚ್ಚು ಹಾಕಿಸಿದರು. ಅವರು ತೀರಿಕೊಂಡಿದ್ದು 1931ರಲ್ಲಿ. ಇಲ್ಲಿ ಈಗ ಲೇಖಕರು ಹೋದ ಮೇಲೆ 60 ವರ್ಷ ಹಕ್ಕು ಇರುತ್ತದೆ, ಆಗ 50 ವರ್ಷ ಇತ್ತು, ಆದ್ದರಿಂದ ಮೂಲ ಪುಸ್ತಕ ಎಲ್ಲರದ್ದಾಗಿದ್ದು 1982ರಿಂದ. ಓದುವವರು ನಿಮ್ಮ ಬರಹಕ್ಕೆ ಅಷ್ಟು ಕಾಯಬೇಕಾಗಿಲ್ಲ, ನೀವೇ ಇವತ್ತು ಕೊಡಬಹುದು.

ಬೇಲಿ_ಬದಿ:
ಒಂದು ವಿಷಯ ಬಿಟ್ಟುಹೋಯಿತು. ಡೈರಿ ಬರೆದಿದ್ದು ಅಜ್ಜ, ಅದರ ಹಕ್ಕು ನಿಮ್ಮೊಬ್ಬರದ್ದಲ್ಲ, ವಾರಸುದಾರರೆಲ್ಲರದ್ದೂ. ಪುಟಗಳ ಫೋಟೋ ಹಾಕುವ ಮೊದಲು ಮನೆಯವರನ್ನು ಕೇಳಿ. ತೋಟದ ಡೈರಿ ಅಂದರೆ ಮಳೆ ಪಕ್ಕದಲ್ಲೇ ಆಳುಗಳ ಹೆಸರು, ಕೂಲಿ, ಸಾಲ ಇರುತ್ತದೆ. ಅದು ಗಿಟ್‌ಗೆ ಹೋಗಿದ್ದರೆ ಸುಮ್ನೆ ಫೈಲ್ ಅಳಿಸಿದರೆ ಸಾಲದು, ಹಳೆ ಕಮಿಟ್‌ಗಳಲ್ಲಿ (ಹಿಂದೆ ಉಳಿಸಿದ ಆವೃತ್ತಿಗಳಲ್ಲಿ) ಉಳಿದೇ ಇರುತ್ತದೆ.

ಹೂಮಳೆ:
ಅಯ್ಯೋ, ಕೂಲಿ ಕಾಲಂ ನಿಜವಾಗಿಯೂ ಒಳಗೆ ಹೋಗಿತ್ತು! ರೆಪೊ (ಗಿಟ್‌ಹಬ್‌ನಲ್ಲಿ ಈ ಕೋಡ್ ಇಟ್ಟಿದ್ದ ಜಾಗ) ತೆಗೆದುಹಾಕಿದೆ. ಮಳೆ ಅಂಕಿ ಮಾತ್ರ ಇಟ್ಟು, ಜಿಪಿಎಲ್ ಸೇರಿಸಿ ಹೊಸದಾಗಿ ಹಾಕುತ್ತೇನೆ. ಲೇಖನಗಳಿಗೆ ಬೈ-ಎಸ್‌ಎ. ಡೈರಿ ಫೋಟೋ ವಿಷಯ ಭಾನುವಾರ ಚಿಕ್ಕಪ್ಪನ ಮನೆಗೆ ಹೋಗಿ ಕೇಳಿ ಬಂದು ಹೇಳುತ್ತೇನೆ.